ಬಿಂದುವಿನ ಹಿಂದಿನ ಸೊನ್ನೆ

(ಮಡಿಕೇರಿಯಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ್ದನ್ನು ಮಾತಿಗೆ ಇಳಿಸಿದ್ದೇನೆ. ಎರಡು ಸಲ ಕರೆಂಟ್ ಹೋದಾಗ ನಡೆದ ಹರಟೆಯನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆಯ ಸದ್ದಿನಲ್ಲಿ ಹಿಂದಿನ ಸಾಲಿನವರಿಗೆ ನನ್ನ ಮಾತು ಕೇಳಿಸದಿದ್ದರೆ ಕೈ ಎತ್ತಿ. ಮಡಿಕೇರಿಯಲ್ಲಿ ಜುಲೈ ತಿಂಗಳಿನಲ್ಲಿ, ಅದೂ ತಗಡಿನ ಮಾಡಿನ ಕೆಳಗೆ ಉಪನ್ಯಾಸ ಇಟ್ಟುಕೊಂಡದ್ದು ನಿಮ್ಮ ತಪ್ಪು, ಒಪ್ಪಿಕೊಂಡದ್ದು ನನ್ನದು.

ಒಂದು ಸೊನ್ನೆಯ ಕತೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸೋಮವಾರಪೇಟೆಯ ಕಡೆಯ ನಮ್ಮ ಮನೆಗೆ ಬಂದಳು. ನೂರಕ್ಕೂ ಹೆಚ್ಚು ಪುಟ. ಮಾರ್ಗದರ್ಶಕರು ಪುಟಪುಟದಲ್ಲೂ ಕೆಂಪು ಶಾಯಿಯ ಸುತ್ತು ಹಾಕಿದ್ದರು. ಹೆಚ್ಚಿನ ಸುತ್ತುಗಳು ಬಿದ್ದದ್ದು ಸೊನ್ನೆಗಳ ಮೇಲೆ. ಅವಳು ‘ಪಿ = 0.03’ ಎಂದು ಬರೆದಿದ್ದಳು; ‘ಪಿ = .03’ ಎಂದಿರಬೇಕಿತ್ತು. “ಮೇಡಂ, ಒಂದು ಸೊನ್ನೆಗೆ ಇಷ್ಟು ಗಲಾಟೆಯೇ?” ಎಂದಳು.

ಗಲಾಟೆಗೆ ಕಾರಣವಿದೆ. ಪಿ ಎಂಬ ಸಂಭವನೀಯತೆಯಾಗಲಿ, ಸಹಸಂಬಂಧದ ಗುಣಾಂಕವಾಗಲಿ ಒಂದನ್ನು ಮೀರುವ ಹಾಗಿಲ್ಲ. ಮೀರಲಾಗದ ಸಂಖ್ಯೆಗೆ ಬಿಂದುವಿನ ಹಿಂದೆ ಸೊನ್ನೆ ಬೇಡ ಎನ್ನುತ್ತದೆ ಎಪಿಎ ಶೈಲಿ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಬರವಣಿಗೆಯ ನಿಯಮಾವಳಿ. ಸರಾಸರಿ, ಪ್ರಮಾಣಿತ ವಿಚಲನೆ ಮುಂತಾದವು ಒಂದನ್ನು ದಾಟಬಲ್ಲವು. ಅವಕ್ಕೆ ಸೊನ್ನೆ ಬೇಕು. ಸೊನ್ನೆ ಇದೆಯೋ ಇಲ್ಲವೋ ಎನ್ನುವುದರಿಂದಲೇ ಪಳಗಿದ ಓದುಗನಿಗೆ ಇದು ಎಂತಹ ಸಂಖ್ಯೆ ಎಂದು ಅರ್ಧ ತಿಳಿದುಹೋಗುತ್ತದೆ.

ಇಷ್ಟನ್ನು ವಿವರಿಸಿ ಕಳುಹಿಸಿದೆ. ಅವಳು ಮನೆಗೆ ಹೋದವಳೇ ವರ್ಡ್‌ನಲ್ಲಿ ‘ಹುಡುಕಿ ಬದಲಿಸು’ ಎಂಬ ಸೌಲಭ್ಯ ತೆರೆದು, ಸೊನ್ನೆ-ಬಿಂದು ಇದ್ದಲ್ಲೆಲ್ಲ ಬರೀ ಬಿಂದು ಇಡು ಎಂದಳು. ಕ್ಷಣದಲ್ಲಿ ಕೆಲಸ ಮುಗಿಯಿತು. ಎರಡು ದಿನ ಬಿಟ್ಟು ಫೋನ್ ಬಂತು, ಅಳುತ್ತಿದ್ದಳು. ಅವಳ ಅಧ್ಯಯನದಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 20.4 ಇದ್ದದ್ದು 2.4 ಆಗಿತ್ತು. ಎರಡೂವರೆ ವರ್ಷ ತುಂಬದ ಮಕ್ಕಳು ಪದವಿ ತರಗತಿಯಲ್ಲಿ ಕುಳಿತು ಒತ್ತಡದ ಪ್ರಶ್ನಾವಳಿಗೆ ಉತ್ತರ ತುಂಬಿದ್ದರು. 10.5 ಇದ್ದದ್ದು 1.5, 30.2 ಇದ್ದದ್ದು 3.2. ಎಲ್ಲೆಲ್ಲಿ ಹೀಗಾಗಿದೆ ಎಂದು ಹುಡುಕಲು ಮೂಲ ಲೆಕ್ಕದ ಹಾಳೆಗಳನ್ನೆಲ್ಲ ಮತ್ತೆ ಹರಡಿಕೊಂಡು ಕೂರಬೇಕಾಯಿತು. ನಾವಿಬ್ಬರೂ ಎರಡು ರಾತ್ರಿ ಕುಳಿತೆವು.

ಆ ಎರಡು ರಾತ್ರಿಗಳೇ ನಾನು ಇವತ್ತು ಇಲ್ಲಿ ನಿಂತಿರುವುದಕ್ಕೆ ಕಾರಣ. ರೂಪದ ನಿಯಮವನ್ನು ಪಾಲಿಸಲು ಹೋಗಿ ಅವಳು ಅರ್ಥವನ್ನೇ ಕೆಡಿಸಿಕೊಂಡಿದ್ದಳು, ಅದೂ ಶ್ರದ್ಧೆಯಿಂದ. ನಿಯಮಕ್ಕೆ ಸಂಬಂಧಿಸಿದ ಕೆಲಸ ಯಂತ್ರದ್ದು. ಅದನ್ನು ನಾವು ಕೈಯಿಂದ ಮಾಡುತ್ತಿದ್ದೇವೆ. ಯಂತ್ರಕ್ಕೆ ಗೊತ್ತಾಗದ ಕೆಲವು ಸಂಗತಿಗಳಿವೆ, ಅವನ್ನು ಅದರ ಪಾಲಿಗೆ ಬಿಟ್ಟು ನಿಶ್ಚಿಂತೆಯಿಂದ ಇದ್ದೇವೆ. ಈ ಅದಲುಬದಲನ್ನು ಸರಿ ಮಾಡಿಕೊಳ್ಳಲು ಲೇಟೆಕ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಹೇಗೆ ಒದಗುತ್ತದೆ ಎನ್ನುವುದೇ ಇವತ್ತಿನ ಮಾತು.

ಮೊದಲು ಎಪಿಎ ಶೈಲಿಯ ಬಗ್ಗೆ ಎರಡು ಮಾತು, ಏಕೆಂದರೆ ಅದನ್ನು ಬೈಯದ ಮನೋವಿಜ್ಞಾನದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. 1928ರಲ್ಲಿ ಪತ್ರಿಕೆಗಳ ಸಂಪಾದಕರೂ ವ್ಯವಸ್ಥಾಪಕರೂ ಸೇರಿ ಹಸ್ತಪ್ರತಿ ಹೇಗಿರಬೇಕು ಎಂದು ಚರ್ಚಿಸಿದರು; 1929ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ಅದು ಏಳು ಪುಟದ ಸೂಚನೆಯಾಗಿ ಬಂತು. ಏಳೇ ಪುಟ! ಅದೇ ಬೆಳೆದು ಬೆಳೆದು 2019ರ ಅಕ್ಟೋಬರ್‌ನಲ್ಲಿ ಏಳನೆಯ ಆವೃತ್ತಿಯಾಗಿ ನಾನೂರು ಪುಟ ದಾಟಿತು. ಮೂಲ ಉದ್ದೇಶ ಸರಳವಾಗಿತ್ತು: ಎಲ್ಲರೂ ಒಂದೇ ಥರ ಬರೆದರೆ ಓದುವವನು ವಿಷಯದ ಕಡೆಗೆ ಗಮನ ಕೊಡಬಹುದು. ನಾನೂರು ಪುಟವನ್ನು ಬಾಯಿಪಾಠ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನಾವೇ ಅದನ್ನು ಪರೀಕ್ಷೆಯ ವಿಷಯ ಮಾಡಿಕೊಂಡೆವು.

ಇನ್ನು ಲೇಟೆಕ್. ಇದರ ತಳದಲ್ಲಿರುವುದು ಟೆಕ್. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಪುಸ್ತಕವೊಂದರ ಎರಡನೆಯ ಆವೃತ್ತಿಯ ಕರಡು ಅಚ್ಚು ಬಂತು. ಮೊದಲ ಆವೃತ್ತಿ ಸೀಸದ ಮೊಳೆಗಳಲ್ಲಿ ಜೋಡಿಸಿದ್ದು. ಈ ಸಲದ್ದು ಆಗತಾನೇ ಬಂದಿದ್ದ ಫೋಟೊ ಜೋಡಣೆಯದು, ನೋಡಲಾಗದಂತಿತ್ತು. ಅವರು ಪ್ರಕಾಶಕರ ಜೊತೆ ಜಗಳ ಆಡಲಿಲ್ಲ, ತಾವೇ ಒಂದು ಜೋಡಣೆಯ ತಂತ್ರಾಂಶ ಬರೆಯಲು ಕುಳಿತರು. ಒಂದು ವರ್ಷದ ಕೆಲಸ ಎಂದುಕೊಂಡಿದ್ದು ಹತ್ತು ವರ್ಷ ಮೀರಿತು. (ಪ್ರಬಂಧವನ್ನು ಮುಂದಿನ ತಿಂಗಳು ಮುಗಿಸುತ್ತೇನೆ ಎನ್ನುವ ಸಂಶೋಧಕರಿಗೆ ಇದರಿಂದ ಧೈರ್ಯ ಬರಲಿ.) ಅದರ ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಬೆಲೆಗೆ ಒಂದೊಂದು ಅಂಕೆ ಹತ್ತಿರವಾಗುತ್ತದೆ, ಈಗಿನದು 3.141592653. 1980ರ ದಶಕದ ಮೊದಲಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ಸಾಮಾನ್ಯರು ಬಳಸಬಹುದಾದ ಪದರವೊಂದನ್ನು ಕಟ್ಟಿದರು. ಅದೇ ಲೇಟೆಕ್.

ಇದು ಹೇಗೆ ನಡೆಯುತ್ತದೆ ಎಂದು ಹೇಳಲು ನಮ್ಮ ಊರಿನ ಉದಾಹರಣೆಯೇ ಸಾಕು. ಕಾಫಿ ಕ್ಯೂರಿಂಗ್ ಕಾರ್ಖಾನೆ ನೋಡಿದವರು ಇಲ್ಲಿ ಅನೇಕರಿದ್ದೀರಿ. ಒಂದೊಂದು ಬೀಜವನ್ನೂ ಎತ್ತಿ ಸ್ಕೇಲು ಹಿಡಿದು ಇದು ಡಬಲ್ ಎ, ಇದು ಎ, ಇದು ಬಿ ಎಂದು ಯಾರೂ ಅಳೆಯುವುದಿಲ್ಲ. ಜರಡಿಯ ಕಣ್ಣು ಒಮ್ಮೆ ನಿಗದಿಯಾಯಿತೆಂದರೆ ಬೀಜಗಳು ತಮ್ಮಷ್ಟಕ್ಕೆ ಬೇರೆಯಾಗುತ್ತವೆ. ಹುಳು ತಿಂದ ಬೀಜ, ಕಪ್ಪಾದ ಬೀಜವನ್ನು ಆರಿಸುವುದಕ್ಕೆ ಮಾತ್ರ ಮನುಷ್ಯರ ಕಣ್ಣು ಬೇಕು. ವರ್ಡ್‌ನಲ್ಲಿ ನಾವು ಪ್ರತಿ ಶೀರ್ಷಿಕೆಯನ್ನೂ ಮೌಸ್‌ನಿಂದ ಹಿಡಿದು ಇದು ದಪ್ಪ, ಇದು ಮಧ್ಯಕ್ಕೆ, ಇದು ಓರೆ ಎಂದು ಅಳೆಯುತ್ತ ಕೂರುತ್ತೇವೆ. ಲೇಟೆಕ್‌ನಲ್ಲಿ ‘ಇದು ಶೀರ್ಷಿಕೆ’, ‘ಇದು ಉಪಶೀರ್ಷಿಕೆ’, ‘ಇದು ಕೋಷ್ಟಕದ ಹೆಸರು’ ಎಂದಷ್ಟೇ ಬರೆಯುತ್ತೇವೆ. ಹೇಗೆ ಕಾಣಬೇಕು ಎಂಬುದು ಜರಡಿಯ ಪಾಲು. ವರ್ಡ್‌ನಲ್ಲೂ ಸ್ಟೈಲ್ ಎಂಬ ಸೌಲಭ್ಯ ಇದೆ, ಇದೇ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಅದನ್ನು ಬಳಸುವ ವಿದ್ಯಾರ್ಥಿಯನ್ನು ತೋರಿಸಿ, ಅವರಿಗೆ ನನ್ನ ಲೆಕ್ಕದಲ್ಲಿ ಕಾಫಿ.

ಎಪಿಎಯ ಏಳನೆಯ ಆವೃತ್ತಿಗೆ ಬೇಕಾದ ಜರಡಿ ಈಗಾಗಲೇ ಸಿದ್ಧವಾಗಿದೆ. ‘ಎಪಿಎ7’ ಎಂಬ ಕ್ಲಾಸ್, ಅಂದರೆ ಪುಟದ ರೂಪದ ನಿಯಮಗಳನ್ನು ಬರೆದಿಟ್ಟ ಕಡತ. ಬರೆದವರು ಡೇನಿಯಲ್ ವೈಸ್. ಕಡತದ ಮೊದಲ ಸಾಲಿನಲ್ಲಿ ಅದರ ಹೆಸರು ಹಾಕಿ, ಯಾವ ರೂಪ ಬೇಕು ಎಂದು ಒಂದು ಪದ ಬರೆದರಾಯಿತು. ‘ಮ್ಯಾನ್’ ಎಂದರೆ ಪತ್ರಿಕೆಗೆ ಕಳುಹಿಸುವ ಹಸ್ತಪ್ರತಿ: ಸಾಲುಗಳ ನಡುವೆ ಎರಡು ಪಟ್ಟು ಜಾಗ, ನಾಲ್ಕೂ ಕಡೆ ಒಂದು ಇಂಚು ಅಂಚು. ‘ಸ್ಟು’ ಎಂದರೆ ವಿದ್ಯಾರ್ಥಿಯ ಪ್ರಬಂಧ. ಮುಖಪುಟದಲ್ಲಿ ಕೋರ್ಸಿನ ಹೆಸರು, ಅಧ್ಯಾಪಕರ ಹೆಸರು, ಒಪ್ಪಿಸಬೇಕಾದ ದಿನಾಂಕ ಬರುತ್ತವೆ. ‘ಡಾಕ್’ ಎಂದರೆ ಸಾಮಾನ್ಯ ದಾಖಲೆ. ‘ಜೌ’ ಎಂದರೆ ಎರಡು ಅಂಕಣಗಳಲ್ಲಿ ಅಚ್ಚಾದ ಪತ್ರಿಕೆಯಂತೆ ಕಾಣುವ ರೂಪ. ಈ ಕೊನೆಯದರಿಂದ ದೂರ ಇರಿ. ಇನ್ನೂ ಒಂದು ಪ್ಯಾರಾ ಬರೆಯದವರು ಕೂಡ ಅದನ್ನು ಹಾಕಿ ನೋಡಿ, ತಮ್ಮ ಲೇಖನ ಪ್ರಕಟವಾಗಿಯೇ ಬಿಟ್ಟಿತು ಎಂಬ ಖುಷಿಯಲ್ಲಿ ಒಂದು ವಾರ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ.

ಅಕ್ಷರದ ಬಗ್ಗೆ ಚಿಂತೆ ಬೇಡ. ಏಳನೆಯ ಆವೃತ್ತಿ 12 ಪಾಯಿಂಟಿನ ಟೈಮ್ಸ್ ನ್ಯೂ ರೋಮನ್, 11 ಪಾಯಿಂಟಿನ ಕ್ಯಾಲಿಬ್ರಿಗಳ ಜೊತೆಗೆ ಲೇಟೆಕ್‌ನ ಸ್ವಂತ ಅಕ್ಷರವಾದ ಕಂಪ್ಯೂಟರ್ ಮಾಡರ್ನ್ ಅನ್ನೂ 10 ಪಾಯಿಂಟಿನಲ್ಲಿ ಹೆಸರಿಸಿಯೇ ಒಪ್ಪಿಕೊಂಡಿದೆ. ಒಂದು ತಮಾಷೆ ಮಾತ್ರ ಹೇಳಬೇಕು. ಟೆಕ್‌ನ ಹೆಗ್ಗಳಿಕೆ ಎಂದರೆ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲ ಸಾಲುಗಳ ಬಲ ಅಂಚು ಒಂದೇ ಗೆರೆಗೆ ಬರುವಂತೆ, ಪದಗಳ ನಡುವೆ ಹೊಂಡ ಬೀಳದಂತೆ ಸಾಲು ಮುರಿಯುವುದು. ಎಪಿಎ ಹಸ್ತಪ್ರತಿಯಲ್ಲಿ ಬಲ ಅಂಚು ಸಮವಾಗಿರಬಾರದು ಎಂಬ ನಿಯಮವಿದೆ. ಕ್ನೂತ್ ವರ್ಷಗಟ್ಟಲೆ ದುಡಿದದ್ದನ್ನು ನಾವು ಒಂದು ಆಜ್ಞೆಯಿಂದ ಆರಿಸಿ ಇಟ್ಟುಬಿಡುತ್ತೇವೆ.

ಈಗ ಉಲ್ಲೇಖಗಳಿಗೆ ಬರೋಣ. ವಿದ್ಯಾರ್ಥಿಗಳ ನಿದ್ದೆ ಹೋಗುವುದು ಇಲ್ಲೇ. ಎಪಿಎಯಲ್ಲಿ ಇಬ್ಬರು ಲೇಖಕರ ಹೆಸರು ವಾಕ್ಯದ ಭಾಗವಾಗಿ ಬಂದರೆ ನಡುವೆ ‘ಆ್ಯಂಡ್’ ಎಂಬ ಪದ. ಆವರಣದೊಳಗೆ ಬಂದರೆ ಅದರ ಚಿಹ್ನೆ. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಏಳನೆಯ ಆವೃತ್ತಿಯ ಪ್ರಕಾರ ಮೊದಲ ಸಲದಿಂದಲೇ ‘ಮತ್ತಿತರರು’; ಆದರೆ ಕೊನೆಯ ಪಟ್ಟಿಯಲ್ಲಿ ಇಪ್ಪತ್ತು ಹೆಸರಿನವರೆಗೂ ಎಲ್ಲವನ್ನೂ ಬರೆಯಬೇಕು. ಆರನೆಯ ಆವೃತ್ತಿಯಲ್ಲಿ ಕೇಳುತ್ತಿದ್ದ ಪ್ರಕಾಶಕರ ಊರು ಈಗ ಬೇಡ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವ ಅಗತ್ಯವಿಲ್ಲ. ಆಕರಗಳ ಕಡತ ಒಂದು ಬೇರೆಯೇ ಇರುತ್ತದೆ. ಅದರಲ್ಲಿ ಪ್ರತಿ ಲೇಖನಕ್ಕೂ ಲೇಖಕ, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ ಎಂದು ಒಂದೊಂದೇ ಸಾಲು, ಮೇಲೆ ಒಂದು ಕೀಲಿಪದ. ಬರಹದ ನಡುವೆ ಆ ಕೀಲಿಪದವನ್ನು ಕರೆದರೆ ಸಾಕು. ‘ಟೆಕ್ಸ್ಟ್‌ಸೈಟ್’ ಎಂದು ಕರೆದರೆ ವಾಕ್ಯದೊಳಗಿನ ರೂಪ, ‘ಪೇರೆನ್‌ಸೈಟ್’ ಎಂದು ಕರೆದರೆ ಆವರಣದ ರೂಪ. ಫಿಲಿಪ್ ಕೈಮ್ ಅವರ ‘ಬಿಬ್‌ಲೇಟೆಕ್-ಎಪಿಎ’ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಉಲ್ಲೇಖಿಸದೇ ಇದ್ದ ಲೇಖನ ಪಟ್ಟಿಯಲ್ಲಿ ಬರುವುದಿಲ್ಲ, ಉಲ್ಲೇಖಿಸಿದ್ದು ತಪ್ಪಿಹೋಗುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಈ ಒಂದು ದೋಷವನ್ನು ಹಿಡಿದು ಅರ್ಧ ಗಂಟೆ ಕಾಡುವ ಪರೀಕ್ಷಕರನ್ನು ನಾನು ಬಲ್ಲೆ.

ಇಲ್ಲಿಯವರೆಗೆ ಯಂತ್ರದ ಪಾಲು. ಅದಕ್ಕೆ ಗೊತ್ತಿಲ್ಲದ್ದು ಹೆಸರು, ಅದರಲ್ಲೂ ನಮ್ಮ ಹೆಸರು.

ಆಕರದ ಕಡತದಲ್ಲಿ ಒಬ್ಬರ ಹೆಸರನ್ನು ಅಲ್ಪವಿರಾಮ ಇಲ್ಲದೆ ಬರೆದರೆ, ಕೊನೆಯ ಪದವೇ ಮನೆತನದ ಹೆಸರು ಎಂದು ಯಂತ್ರ ತೀರ್ಮಾನಿಸುತ್ತದೆ. ಉಳಿದದ್ದೆಲ್ಲ ಇನಿಷಿಯಲ್. ಇಂಗ್ಲೆಂಡಿನ, ಅಮೆರಿಕದ ಹೆಚ್ಚಿನ ಹೆಸರುಗಳಿಗೆ ಇದು ಸರಿ. ಈಗ ನಮ್ಮ ಜನರಲ್‌ಗಳನ್ನು ತೆಗೆದುಕೊಳ್ಳಿ. ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಎನ್ನುವುದು ಒಕ್ಕದ, ಅಂದರೆ ಕೊಡವ ಮನೆತನದ ಹೆಸರು, ಮಾದಪ್ಪ ತಂದೆಯ ಹೆಸರು, ಕಾರ್ಯಪ್ಪ ಅವರದೇ ಹೆಸರು. ಯಂತ್ರದ ಕೈಯಲ್ಲಿ ಇದು ‘ಕಾರ್ಯಪ್ಪ, ಕೆ. ಎಂ.’ ಆಗುತ್ತದೆ. ಒಕ್ಕದ ಹೆಸರು ಇನಿಷಿಯಲ್ ಆಯಿತು, ಇಟ್ಟ ಹೆಸರು ಮನೆತನದ ಹೆಸರಾಯಿತು. ಪೂರ್ತಿ ತಲೆಕೆಳಗು. ಆದರೆ ನಾವು ಅವರನ್ನು ಕರೆಯುವುದೂ ಕೆ. ಎಂ. ಕಾರ್ಯಪ್ಪ ಎಂದೇ ಆದ್ದರಿಂದ ಯಾರಿಗೂ ಹೊಳೆಯುವುದಿಲ್ಲ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅದೇ ಒಕ್ಕದವರು. ಇಂಗ್ಲಿಷ್ ಪಟ್ಟಿಯಲ್ಲಿ ಒಬ್ಬರು ‘ಸಿ’ ಕೆಳಗೆ, ಇನ್ನೊಬ್ಬರು ‘ಟಿ’ ಕೆಳಗೆ. ಒಂದೇ ಐನ್‌ಮನೆಯವರನ್ನು ಪಟ್ಟಿಯ ಎರಡು ತುದಿಗೆ ಕೂರಿಸಿದಂತಾಯಿತು. ಟೆನಿಸ್ ಆಟಗಾರ ರೋಹನ್ ಮಚ್ಚಂಡ ಬೋಪಣ್ಣ ಅವರ ಹೆಸರಿನಲ್ಲಿ ಒಕ್ಕದ ಹೆಸರು ನಡುವೆ ಇದೆ. ಅವರು ಲೇಖನ ಬರೆದರೆ ‘ಬೋಪಣ್ಣ, ಆರ್. ಎಂ.’ ಆಗುತ್ತಾರೆ, ಅವರ ತಂದೆಯ ಹೆಸರು ಅವರ ಮನೆತನದ ಹೆಸರಾಗುತ್ತದೆ. ಇವತ್ತಿನ ಮಕ್ಕಳಲ್ಲಿ ಕೆಲವರು ಒಕ್ಕದ ಹೆಸರನ್ನು ಕೊನೆಗೆ ಹಾಕುತ್ತಾರೆ, ಕೆಲವರು ಬಿಟ್ಟೇ ಬಿಡುತ್ತಾರೆ. ಒಬ್ಬಳೇ ಸಂಶೋಧಕಿ ಒಂದು ಲೇಖನದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಬರೆದರೆ ಪಟ್ಟಿಗಳಲ್ಲಿ ಇಬ್ಬರಾಗಿ ಒಡೆದುಹೋಗುತ್ತಾಳೆ.

ಕೊಡವರದ್ದು ಮಾತ್ರವೇ ಈ ತೊಂದರೆ ಎಂದುಕೊಳ್ಳಬೇಡಿ. ಮೈಸೂರಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾದಾಗ ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಅವರ ಹೆಸರಿನಲ್ಲಿ ಪಾಶ್ಚಾತ್ಯರು ಹೇಳುವ ಅರ್ಥದ ಮನೆತನದ ಹೆಸರು ಎಲ್ಲಿದೆ? ಪಟ್ಟಿಯಲ್ಲಿ ‘ಗೋಪಾಲಸ್ವಾಮಿ, ಎಂ. ವಿ.’ ಎಂದು ಕೂತರೂ ಅದು ಅವರಿಗೆ ಇಟ್ಟ ಹೆಸರೇ. ಅಂದ ಹಾಗೆ, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿ ಆಕಾಶವಾಣಿ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರು ಇದೇ ಮನೋವಿಜ್ಞಾನದ ಪ್ರಾಧ್ಯಾಪಕರು. “ನಾವು ಆರ್ಟ್ಸ್‌ನವರು, ಯಂತ್ರ ನಮಗೆ ಆಗಿಬರುವುದಿಲ್ಲ” ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ಪರಿಹಾರ ಚಿಕ್ಕದು. ಆಕರದ ಕಡತದಲ್ಲಿ ಹೆಸರು ಬರೆಯುವಾಗ ಯಾವುದು ಮುಂದೆ ಬರಬೇಕೋ ಅದನ್ನು ಮೊದಲು ಬರೆದು, ಅಲ್ಪವಿರಾಮ ಹಾಕಿ, ಉಳಿದದ್ದನ್ನು ಬರೆಯಿರಿ. ಅಲ್ಪವಿರಾಮ ಇದ್ದರೆ ಯಂತ್ರ ಊಹೆ ಮಾಡುವುದಿಲ್ಲ. ಆ ಲೇಖಕರು ತಮ್ಮ ಪ್ರಕಟಿತ ಬರಹದಲ್ಲಿ ಹೇಗೆ ಬರೆದುಕೊಂಡಿದ್ದಾರೋ ಹಾಗೆ. ಸಂಸ್ಥೆಗಳ ಹೆಸರಿಗೆ ಇನ್ನೊಂದು ಉಪಾಯ. ಕಾಫಿ ಬೆಳೆಗಾರರ ಮೇಲೆ ಅಧ್ಯಯನ ಮಾಡಿದ ಹುಡುಗನೊಬ್ಬ ‘ಕಾಫಿ ಬೋರ್ಡ್ ಆಫ್ ಇಂಡಿಯಾ’ ಎಂದು ಲೇಖಕನ ಜಾಗದಲ್ಲಿ ಬರೆದಿದ್ದ. ಮುದ್ರಿತ ಪಟ್ಟಿಯಲ್ಲಿ ‘ಆಫ್ ಇಂಡಿಯಾ’ ಎನ್ನುವುದು ಮನೆತನದ ಹೆಸರಾಗಿ, ಕಾಫಿ ಮತ್ತು ಬೋರ್ಡ್ ಎರಡೂ ‘ಸಿ. ಬಿ.’ ಎಂಬ ಇನಿಷಿಯಲ್ ಆಗಿ, ಯಾರೋ ಸಿ. ಬಿ. ಆಫ್ ಇಂಡಿಯಾ ಎಂಬ ಮಹನೀಯರು ಹುಟ್ಟಿಕೊಂಡಿದ್ದರು. ಶಾಲೆಯ ಗಣಿತದಲ್ಲಿ ಪುಷ್ಪಾವರಣ ಎಂದು ಕಲಿತೆವಲ್ಲ, ಆ ಆವರಣದೊಳಗೆ ಹೆಸರನ್ನು ಪೂರ್ತಿ ಇಟ್ಟರೆ ಅದು ಒಡೆಯುವುದಿಲ್ಲ. ಲೇಖನದ ಶೀರ್ಷಿಕೆಯಲ್ಲಿ ಬರುವ ಊರಿನ ಹೆಸರಿಗೂ ಇದೇ ಮದ್ದು. ಎಪಿಎ ಶೈಲಿಯಲ್ಲಿ ಶೀರ್ಷಿಕೆಯ ಮೊದಲ ಪದ ಬಿಟ್ಟು ಉಳಿದವು ಸಣ್ಣಕ್ಷರವಾಗುತ್ತವೆ. ಕೊಡಗು ಒಂದು ಊರಿನ ಹೆಸರು ಎಂದು ಯಂತ್ರಕ್ಕೆ ಗೊತ್ತಿಲ್ಲ, ಅದನ್ನೂ ಸಣ್ಣದು ಮಾಡಿಬಿಡುತ್ತದೆ. ದೊಡ್ಡಕ್ಷರ ಸಣ್ಣಕ್ಷರದ ರಗಳೆ ಇಲ್ಲದ ಲಿಪಿಯಲ್ಲಿ ಹುಟ್ಟಿದ ನಮಗೆ ಇದು ಕಣ್ಣಿಗೆ ಬೀಳುವುದೂ ತಡ.

ಇನ್ನೊಂದು ಅಪಾಯವನ್ನು ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಶಪಿಸುತ್ತೀರಿ. ಲೇಟೆಕ್‌ನಲ್ಲಿ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥವಿದೆ: ‘ಇಲ್ಲಿಂದ ಸಾಲಿನ ಕೊನೆಯವರೆಗೆ ಇರುವುದನ್ನು ಓದಬೇಡ.’ “45% ಮಂದಿ ನಿದ್ದೆ ಬರುವುದಿಲ್ಲ ಎಂದರು” ಎಂದು ಬರೆದರೆ, ಅಚ್ಚಿನಲ್ಲಿ 45 ಉಳಿದು ಮಂದಿಯೂ ನಿದ್ದೆಯೂ ಮಾಯ. ದೋಷ ಸೂಚನೆ ಬರುವುದಿಲ್ಲ, ಕೆಂಪು ಗೆರೆ ಬರುವುದಿಲ್ಲ. ಚಿಹ್ನೆಯ ಹಿಂದೆ ಹಿಂದಕ್ಕೆ ವಾಲಿದ ಗೀರು ಒಂದನ್ನು ಹಾಕಬೇಕು. ಮನೋವಿಜ್ಞಾನದಲ್ಲಿ ಶೇಕಡಾ ಇಲ್ಲದ ಪುಟ ಇಲ್ಲವಾದ್ದರಿಂದ ನಿಮ್ಮ ಮೊದಲ ವಾರದ ಅರ್ಧ ಪರದಾಟ ಇದರದ್ದೇ ಆಗಿರುತ್ತದೆ. ಇನ್ನರ್ಧ ಪರದಾಟ, ಒಮ್ಮೆ ಓಡಿಸಿದರೆ ಉಲ್ಲೇಖಗಳು ಬಾರದೆ ಬರೀ ಕೀಲಿಪದಗಳು ದಪ್ಪಕ್ಷರದಲ್ಲಿ ನಿಂತಿರುವುದನ್ನು ನೋಡಿ ಗಾಬರಿಯಾಗುವುದು. ಲೇಟೆಕ್ ಒಮ್ಮೆ, ಆಕರಗಳನ್ನು ಜೋಡಿಸಿಕೊಡುವ ಬೈಬರ್ ಎಂಬ ತಂತ್ರಾಂಶ ಒಮ್ಮೆ, ಮತ್ತೆ ಲೇಟೆಕ್ ಎರಡು ಸಲ ಓಡಬೇಕು. ಈಗಿನ ಸಂಪಾದಕ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಒಂದು ಉದಾಹರಣೆ ಕಟ್ಟೋಣ. ಸಂಖ್ಯೆಗಳು ನನ್ನ ಕಲ್ಪನೆಯವು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡ 20 ಮಂದಿ, ಕಳೆದುಕೊಳ್ಳದ 20 ಮಂದಿ. ಮಳೆಗಾಲದ ರಾತ್ರಿಗಳಲ್ಲಿ ಅವರ ನಿದ್ದೆಯ ಅಂಕಗಳನ್ನು ಹೋಲಿಸಿದಿರಿ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ ಪರೀಕ್ಷೆ ಮಾಡಿ ಗಣಕ ಹೇಳಿತು: ಟಿ(38) = 2.10, ಪಿ = .042. ನೀವು ಅದನ್ನು ನೋಡಿ ಪ್ರಬಂಧದಲ್ಲಿ ಬೆರಳಚ್ಚು ಮಾಡುವಾಗ 2.10 ಬದಲು 2.01 ಎಂದು ಹೊಡೆದಿರಿ. ಎರಡು ಅಂಕೆ ಜಾಗ ಬದಲಿಸಿದವು, ಅಷ್ಟೇ. ಆದರೆ ಟಿ ಬೆಲೆ 2.01 ಆದರೆ ಪಿ ಸುಮಾರು .052 ಆಗಬೇಕು, ಅಂದರೆ ವ್ಯತ್ಯಾಸವನ್ನು ಗಣನೀಯ ಎನ್ನಲು ವಾಡಿಕೆಯಲ್ಲಿರುವ .05ರ ಗೆರೆಯ ಆಚೆಗೆ. ಯಾರೋ ಲೆಕ್ಕ ಹಾಕಿ ನೋಡಿದರೆ, ನೀವು ಫಲಿತಾಂಶವನ್ನು ತಿರುಚಿದ್ದೀರಿ ಎಂದುಕೊಳ್ಳುತ್ತಾರೆ.

ಯಾರು ಲೆಕ್ಕ ಹಾಕಿ ನೋಡುತ್ತಾರೆ ಎನ್ನಬೇಡಿ. ನೆದರ್‌ಲ್ಯಾಂಡ್ಸ್‌ನ ಮಿಶೆಲ್ ನೈಟನ್ ಮತ್ತು ಸಂಗಡಿಗರು ‘ಸ್ಟ್ಯಾಟ್‌ಚೆಕ್’ ಎಂಬ ತಂತ್ರಾಂಶ ಬರೆದು, ಮನೋವಿಜ್ಞಾನದ ಎಂಟು ದೊಡ್ಡ ಪತ್ರಿಕೆಗಳಲ್ಲಿ 1985ರಿಂದ 2013ರವರೆಗೆ ಬಂದ ಲೇಖನಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಪಿ ಬೆಲೆಗಳನ್ನು ಮರುಲೆಕ್ಕ ಹಾಕಿದರು. 2016ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಇಂತಹ ಪರೀಕ್ಷೆ ಬಳಸಿದ ಲೇಖನಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕನಿಷ್ಠ ಒಂದು ಪಿ ಬೆಲೆ ಅದರ ಪಕ್ಕದ ಅಂಕಿಗಳಿಗೆ ಹೊಂದುತ್ತಿರಲಿಲ್ಲ. ಎಂಟರಲ್ಲಿ ಒಂದು ಲೇಖನದಲ್ಲಿ ತೀರ್ಮಾನವನ್ನೇ ಬದಲಿಸಬಹುದಾದ ವ್ಯತ್ಯಾಸವಿತ್ತು. ಇದರಲ್ಲಿ ಮೋಸ ಎಷ್ಟು, ಕೈತಪ್ಪು ಎಷ್ಟು ಎಂದು ಹೇಳಲಾಗದು. ಈ ತಂತ್ರಾಂಶ ಲೇಖನದಿಂದ ಸಂಖ್ಯೆಗಳನ್ನು ಹೆಕ್ಕಲು ಸಾಧ್ಯವಾದದ್ದೇ ಎಲ್ಲರೂ ಎಪಿಎ ರೂಪದಲ್ಲಿ ಒಂದೇ ಥರ ಬರೆದಿದ್ದರಿಂದ. ನಾವು ಬೈಯುವ ಆ ನಾನೂರು ಪುಟ ಹೀಗೊಂದು ಉಪಕಾರ ಮಾಡಿತು.

ಹಾಗಾದರೆ ನಕಲು ಮಾಡುವ ಕೈಯನ್ನೇ ನಡುವಿನಿಂದ ತೆಗೆಯಬಹುದಲ್ಲ? ಫ್ರೆಡರಿಕ್ ಔಸ್ಟ್ ಮತ್ತು ಮರಿಯಸ್ ಬಾರ್ಥ್ ಎಂಬ ಮನೋವಿಜ್ಞಾನಿಗಳು ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಗಣಕ ಭಾಷೆಯಲ್ಲಿ ‘ಪಪಾಯ’ ಎಂಬ ಪ್ಯಾಕೇಜ್ ಮಾಡಿದ್ದಾರೆ. ನಮ್ಮ ಹಿತ್ತಲಿನ ಪಪಾಯಕ್ಕೂ ಅದಕ್ಕೂ ನಂಟಿಲ್ಲ, ಹೆಸರು ನೆನಪಿಟ್ಟುಕೊಳ್ಳಲು ಸುಲಭ. ಇದರಲ್ಲಿ ಬರಹ ಮತ್ತು ಲೆಕ್ಕ ಒಂದೇ ಕಡತದಲ್ಲಿ ಇರುತ್ತವೆ. ವಾಕ್ಯದ ನಡುವೆ 2.10 ಎಂದು ಬರೆಯುವ ಬದಲು ‘ಆ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿ ಇಡು’ ಎಂದು ಬರೆಯುತ್ತೀರಿ. ದಾಖಲೆ ಓಡಿದಾಗ ಲೆಕ್ಕ ಆಗುತ್ತದೆ, ಸಂಖ್ಯೆ ಎಪಿಎ ರೂಪದಲ್ಲಿ ಬಂದು ಕೂರುತ್ತದೆ, ಹಿಂದೆ ಲೇಟೆಕ್ ನಿಂತು ಪುಟ ಜೋಡಿಸುತ್ತದೆ. ನಾಳೆ ಇನ್ನಿಬ್ಬರು ಪ್ರಶ್ನಾವಳಿ ತುಂಬಿಕೊಟ್ಟರೆ ಮತ್ತೆ ಓಡಿಸಿ. ಪ್ರತಿ ಕೋಷ್ಟಕ, ಪ್ರತಿ ವಾಕ್ಯದ ಸಂಖ್ಯೆ ಬದಲಾಗುತ್ತದೆ. ಬಿಂದುವಿನ ಹಿಂದಿನ ಸೊನ್ನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಅದಕ್ಕೆ ಗೊತ್ತು. ಪಿಗೆ ಸೊನ್ನೆ ಹಾಕುವುದಿಲ್ಲ, ಸರಾಸರಿಗೆ ಹಾಕುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಆ ಹುಡುಗಿಯ ಎರಡು ರಾತ್ರಿ ನೆನಪಾಗಿ ಹೊಟ್ಟೆ ಉರಿಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳುವುದು ಧರ್ಮ. ಜರ್ಮನಿಯ ಗೀಸನ್‌ನ ಮನೋವಿಜ್ಞಾನಿ ಮಾರ್ಕುಸ್ ಕ್ನೌಫ್ ಮತ್ತು ಯೆಲಿಕಾ ನೆಯಾಸ್ಮಿಕ್ 2014ರಲ್ಲಿ ವರ್ಡ್ ಬಳಸುವವರನ್ನೂ ಲೇಟೆಕ್ ಬಳಸುವವರನ್ನೂ ಸೇರಿಸಿ 40 ಮಂದಿಯ ಮುಂದೆ ಮುದ್ರಿತ ಪುಟಗಳನ್ನಿಟ್ಟು, ಇದೇ ಥರ ಮಾಡಿ ತೋರಿಸಿ ಎಂದರು. ಸಾಮಾನ್ಯ ಬರಹ ಮತ್ತು ಕೋಷ್ಟಕದಲ್ಲಿ ವರ್ಡ್‌ನವರು ಗೆದ್ದರು. ಲೇಟೆಕ್‌ನವರು ನಿಧಾನ, ತಪ್ಪೂ ಹೆಚ್ಚು. ಸಮೀಕರಣಗಳಲ್ಲಿ ಮಾತ್ರ ಲೇಟೆಕ್ ಮುಂದೆ. ಆದರೂ ತಮ್ಮ ತಂತ್ರಾಂಶ ಬಳಸುವುದು ಖುಷಿ ಕೊಡುತ್ತದೆ ಎಂದವರು ಲೇಟೆಕ್‌ನವರೇ ಹೆಚ್ಚು! ಇದನ್ನು ಓದಿ ನಾನು ಎರಡು ದಿನ ಸಿಟ್ಟಾಗಿದ್ದೆ. ಆಮೇಲೆ ಯೋಚಿಸಿದೆ: ಕಣ್ಣೆದುರಿಗಿನ ಪುಟದಂತೆಯೇ ಇನ್ನೊಂದು ಪುಟ ಮಾಡುವುದು ವರ್ಡ್‌ನ ಅಂಗಳದ ಆಟ. ನೂರು ಪುಟ, ಇನ್ನೂರು ಉಲ್ಲೇಖ, ಮೂರು ಸಲ ತಿದ್ದುಪಡಿ, ಪತ್ರಿಕೆ ಬದಲಾದಾಗ ಶೈಲಿಯೂ ಬದಲು, ಇದನ್ನು ಅರ್ಧ ಗಂಟೆಯ ಪ್ರಯೋಗ ಅಳೆಯಲಾರದು. ಆದರೂ ಅವರ ಮಾತಿನಲ್ಲಿ ಹುರುಳಿದೆ. ಐದು ಪುಟದ ಸೆಮಿನಾರ್ ಬರಹಕ್ಕೆ ಲೇಟೆಕ್ ಕಲಿಯಲು ಹೊರಟರೆ ಅದು ಹಠ ಮಾತ್ರ.

ಕನ್ನಡದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿಮ್ಮ ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಅನುಬಂಧದಲ್ಲಿ ಕನ್ನಡದ ಪ್ರಶ್ನಾವಳಿ ಇರುತ್ತದೆ. ಅದಕ್ಕೆ ಲೇಟೆಕ್ ಓಡಿಸುವ ತಂತ್ರಾಂಶಗಳಲ್ಲಿ ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್ ಬಳಸಿ, ನೋಟೊ ಸೆರಿಫ್ ಕನ್ನಡದಂತಹ ಯೂನಿಕೋಡ್ ಅಕ್ಷರವನ್ನು ಹೆಸರಿಸಿ. ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಲುವಾಲೇಟೆಕ್ ಆದರೆ ಹಾರ್ಫ್‌ಬಝ್ ಎಂಬ ಆಯ್ಕೆಯನ್ನು ಹಾಕಲೇಬೇಕು, ಇಲ್ಲವಾದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಯೂನಿಕೋಡ್ ಬರುವ ಮೊದಲಿನ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಹಳೆಯ ಪ್ರಶ್ನಾವಳಿಯಾದರೆ ಮೊದಲು ಪರಿವರ್ತಿಸಿಕೊಳ್ಳಿ. ಕನ್ನಡ ಪುಸ್ತಕವನ್ನು ಇಂಗ್ಲಿಷ್ ಪ್ರಬಂಧದಲ್ಲಿ ಉಲ್ಲೇಖಿಸುವಾಗ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚೌಕಾವರಣದೊಳಗೆ ಅನುವಾದ ಕೊಡಿ ಎನ್ನುತ್ತದೆ ಎಪಿಎ. ಕನ್ನಡ ಅಕ್ಷರವನ್ನು ಓರೆ ಮಾಡಲು ಹೋಗಬೇಡಿ. ನಮ್ಮ ಲಿಪಿಗೆ ಓರೆ ಎಂಬ ಸಂಪ್ರದಾಯವಿಲ್ಲ. ಗಾಳಿಗೆ ವಾಲಿದ ಬಾಳೆಗಿಡದಂತೆ ಕಾಣುತ್ತದೆ.

ಕೊನೆಗೆ ಪ್ರಶ್ನೆಗಳು ಬಂದವು. ಅಧ್ಯಾಪಕರೊಬ್ಬರು, “ನನ್ನ ವಿದ್ಯಾರ್ಥಿ ಲೇಟೆಕ್‌ನಲ್ಲಿ ಬರೆದರೆ ನಾನು ತಿದ್ದುವುದು ಹೇಗೆ? ನನಗೆ ವರ್ಡ್‌ನ ಕೆಂಪು ಗೆರೆಯೇ ಬೇಕು” ಎಂದರು. ಇದು ನ್ಯಾಯವಾದ ಬೇಡಿಕೆ, ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಪಪಾಯ ಬೇಕಾದರೆ ವರ್ಡ್ ಕಡತವನ್ನೇ ಹೊರಗೆ ಕೊಡುತ್ತದೆ. ಪ್ಯಾಂಡಾಕ್ ಎಂಬ ಪರಿವರ್ತಕವೂ ಇದೆ. ಅದನ್ನು ಬರೆದವರು ಜಾನ್ ಮ್ಯಾಕ್‌ಫರ್ಲೇನ್, ತತ್ವಶಾಸ್ತ್ರದ ಪ್ರಾಧ್ಯಾಪಕರು. ಪರಿವರ್ತನೆಯಲ್ಲಿ ಕೋಷ್ಟಕಗಳು ಅಲ್ಪಸ್ವಲ್ಪ ಕೆಡುತ್ತವೆ. ಗುರುಗಳು ಒಪ್ಪದೇ ಇದ್ದರೆ ವರ್ಡ್‌ನಲ್ಲೇ ಬರೆಯಿರಿ. ಸ್ಟೈಲ್ ಬಳಸಿ, ಉಲ್ಲೇಖಕ್ಕೆ ಝೊಟೆರೊದಂತಹ ತಂತ್ರಾಂಶ ಇಟ್ಟುಕೊಳ್ಳಿ, ಸಂಖ್ಯೆಗಳನ್ನು ಇಬ್ಬರು ಕುಳಿತು ಜೋರಾಗಿ ಓದಿ ತಾಳೆ ನೋಡಿ. ಇನ್ನೊಬ್ಬರು ಲೇಟೆಕ್ ಬರೆಯಲು ಆನ್‌ಲೈನ್‌ನಲ್ಲಿ ಸಿಗುವ ಓವರ್‌ಲೀಫ್ ಸಾಲದೇ ಎಂದು ಕೇಳಿದರು. ಸಾಕು, ಆದರೆ ಮಳೆಗಾಲದಲ್ಲಿ ನಮ್ಮ ಊರುಗಳ ನೆಟ್‌ವರ್ಕ್ ನೆಚ್ಚಿಕೊಂಡು ಒಪ್ಪಿಸುವ ದಿನದ ಹಿಂದಿನ ರಾತ್ರಿ ಕೂರುವ ಧೈರ್ಯ ನನಗಿಲ್ಲ. ಲೇಟೆಕ್‌ಗೆ ಬೇಕಾದದ್ದನ್ನೆಲ್ಲ ಒಟ್ಟಿಗೆ ಕೊಡುವ ಟೆಕ್‌ಲೈವ್ ಅನ್ನು ನಿಮ್ಮ ಗಣಕದಲ್ಲೇ ಹಾಕಿಕೊಳ್ಳಿ. ಹಲವು ಜಿಬಿ ಆಗುತ್ತದೆ, ಮಳೆ ಬಿಟ್ಟ ದಿನ ಇಳಿಸಿಕೊಳ್ಳಿ.

ಕೊನೆಯಲ್ಲಿ ಕೈ ಎತ್ತಿದವಳು ಮೊದಲ ವರ್ಷದ ವಿದ್ಯಾರ್ಥಿನಿ. ವಿರಾಜಪೇಟೆಯ ಕಡೆಯವಳು. “ಮೇಡಂ, ನನ್ನ ಮೊದಲ ಲೇಖನ ಮುಂದಿನ ತಿಂಗಳು ಕಳುಹಿಸಬೇಕು. ಅಂಕಪಟ್ಟಿಯಲ್ಲಿ ಒಕ್ಕದ ಹೆಸರು ಮೊದಲು ಇದೆ, ಆಧಾರ್‌ನಲ್ಲಿ ಕೊನೆಗೆ ಇದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಅಲ್ಪವಿರಾಮ ಎಲ್ಲಿ ಹಾಕಲಿ?”

ಅದನ್ನು ಎಪಿಎಯೂ ಹೇಳುವುದಿಲ್ಲ, ಲೇಟೆಕ್ಕೂ ಹೇಳುವುದಿಲ್ಲ, ನಾನೂ ಹೇಳಲಾರೆ ಎಂದೆ. ಒಮ್ಮೆ ತೀರ್ಮಾನಿಸಿದ ಮೇಲೆ ಆಯುಷ್ಯವಿಡೀ ಅದೇ ಇರಲಿ, ಲೇಖನ ಕಳುಹಿಸುವ ಮೊದಲು ಸಂಶೋಧಕರ ಗುರುತಿಗೆಂದು ಇರುವ ಆರ್ಕಿಡ್ ಸಂಖ್ಯೆ ಮಾಡಿಸಿಕೋ. ಹದಿನಾರು ಅಂಕಿಯ ಆ ಗುರುತು ಹೆಸರು ಹೇಗೆ ಬರೆದರೂ ನಿನ್ನನ್ನು ಒಬ್ಬಳಾಗಿಯೇ ಇಡುತ್ತದೆ ಎಂದೆ. ಎಪಿಎ7ರಲ್ಲಿ ಅದನ್ನು ಲೇಖಕರ ಟಿಪ್ಪಣಿಗೆ ಸೇರಿಸುವ ಆಜ್ಞೆಯೂ ಇದೆ, ತೆರೆಯ ಮೇಲೆ ತೋರಿಸಿದೆ. ಅವಳು ಬರೆದುಕೊಂಡಳು. ಆಮೇಲೆ ಪೆನ್ನು ಮುಚ್ಚಿ, “ಹೆಸರಿನದ್ದು ಅಜ್ಜಿಗೆ ಫೋನ್ ಮಾಡಿ ಕೇಳುತ್ತೇನೆ” ಎಂದಳು.